ಮಡ್ಡಿ ನೆಲ, ಎರೆ ನೆಲ

ಬೆಳಗಾವಿಯ ಸಿಹಿತಿಂಡಿ ಕುಂದಾಕ್ಕೆ ಗಟ್ಟಿ ಹಾಲೇ ಬೇಕು. ಎಂಬತ್ತರ ದಶಕದಲ್ಲಿ, ನಾವು ಹುಡುಗರಿದ್ದಾಗ, ಖಾನಾಪುರ ಕಡೆಯ ಎಮ್ಮೆ ಹಾಲು ಬೆಳಗಿನ ರೈಲಿಗೆ ಬರುತ್ತಿತ್ತು. ತುಳುಕಬಾರದೆಂದು ಗೌಳಿಗರು ಕ್ಯಾನಿನ ಬಾಯಿಗೆ ಹುಲ್ಲು ತುರುಕಿರುತ್ತಿದ್ದರು.

ಆ ಎಮ್ಮೆಗಳು ಮೇಯುತ್ತಿದ್ದುದು ಊರ ಗಾಯರಾಣದಲ್ಲಿ, ಅಂದರೆ ಗೋಮಾಳದಲ್ಲಿ. ಖಾನಾಪುರ ದಾಟಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಹೋದರೆ ಕೆಂಪು ಜಂಬಿಟ್ಟಿಗೆಯ ಮಡ್ಡಿ. ಬೆಳಗಾವಿಯಿಂದ ಬೈಲಹೊಂಗಲದ ದಾರಿ ಹಿಡಿದರೆ ಕರಿ ಎರೆ. ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಗೊರಸು ತುಳಿದು ಗಟ್ಟಿಯಾದ ನೆಲ ಹಾಗೆಯೇ ಮತ್ತೆ ಸಡಿಲಾಗುತ್ತದೆ. ಮಡ್ಡಿಯಲ್ಲಿ ಎಷ್ಟೋ ಕಡೆ ಕಲ್ಲಿನ ಮೇಲೆ ಗೇಣು ಮಣ್ಣೂ ಇರುವುದಿಲ್ಲ. ದನ ಬುಡದವರೆಗೂ ಮೇಯ್ದರೆ ಬೇರು ಸಾಯುತ್ತದೆ, ಘಟ್ಟದ ಜಡಿಮಳೆ ಮಣ್ಣನ್ನು ತೊಳೆದೊಯ್ಯುತ್ತದೆ. ದನ ಕಾಯುವ ಅಜ್ಜನೊಬ್ಬ ನನಗೆ ಹೇಳಿದ್ದ: “ತಮ್ಮಾ, ಎರಿ ತುಳದರ ಮುಂದಿನ ಮಳಿಗೆ ಎದ್ದ ಕೂಡ್ತೈತಿ. ಮಡ್ಡಿ ತುಳದರ ತೊಗಲ ಸುಲದಂಗ.”

ಅದಕ್ಕೇ ಆಗ ಮಡ್ಡಿಗೆ ಬಿಡುವು ಸಿಗುತ್ತಿತ್ತು. ಸುಗ್ಗಿ ಮುಗಿದ ಮೇಲೆ ದನ ಭತ್ತದ ಗದ್ದೆಯ ಕೂಳೆ ಮೇಯಲು ಇಳಿಯುತ್ತಿದ್ದವು. ನೆಲಕ್ಕೆ ಗೊಬ್ಬರ, ಗಾಯರಾಣಕ್ಕೆ ವಿಶ್ರಾಂತಿ. ಬರಬರುತ್ತಾ ಗದ್ದೆಗಳಿಗೆ ಕಬ್ಬು ಬಂತು. ಗಾಯರಾಣಕ್ಕೆ ಮನೆ, ರಸ್ತೆ, ನೀಲಗಿರಿ ನೆಡುತೋಪು ಬಂದವು. ದನ ಹೆಚ್ಚಲಿಲ್ಲ, ನಮ್ಮ ಬಳಗದ ಕೊಟ್ಟಿಗೆಗಳಲ್ಲಿ ಕಡಿಮೆಯೇ ಆದವು. ಆದರೂ ಉಳಿದ ತುಂಡು ನೆಲದ ಮೇಲೆ ವರ್ಷವಿಡೀ ಅವೇ ಗೊರಸುಗಳು. ಮೊದಲು ಹೋದದ್ದು ಎಮ್ಮೆ ಆಸೆಪಟ್ಟು ತಿನ್ನುವ ಮೆತ್ತನೆಯ ಹುಲ್ಲು. ಆಮೇಲೆ ಬಟ್ಟೆಗೆ ಚುಚ್ಚಿಕೊಳ್ಳುವ ಒರಟು ಹುಲ್ಲು ಬಂತು, ಕೊನೆಗೆ ದನ ಮೂಸಿಯೂ ನೋಡದ ಕಾಂಗ್ರೆಸ್ ಕಸ.

ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗಾಯರಾಣ ಇರಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ಅದು ತಲೆ ಎಣಿಸುವ ಲೆಕ್ಕ. ಎರೆಯ 30 ಎಕರೆ ತಡೆದುಕೊಳ್ಳುವಷ್ಟು ದನಗಳ ತುಳಿತ, ಮೇಯುವಿಕೆಯನ್ನು ಮಡ್ಡಿಯ 30 ಎಕರೆ ತಡೆದುಕೊಳ್ಳದು.

ಖಾನಾಪುರದ ಹತ್ತಿರ ದನ ಹೋಗದಂತೆ ಬೇಲಿ ಹಾಕಿದ ಒಂದು ಆವರಣ ನೋಡಿದ್ದೇನೆ. ಅದೇ ಮಣ್ಣು, ಅದೇ ಮಳೆ. ಒಳಗೆ ಮೊಣಕಾಲೆತ್ತರ ಹುಲ್ಲು, ಹೊರಗೆ ಹರಳುಕಲ್ಲು. ಆದರೆ ಗ್ರಾಮಸಭೆಯಲ್ಲಿ ಗಾಯರಾಣದ ಮಾತು ಬಂದರೆ ಒತ್ತುವರಿಯ ಗುಂಟೆ ಲೆಕ್ಕದಲ್ಲೇ ಹೊತ್ತು ಹೋಗುತ್ತದೆ. ಈ ಮಳೆಗಾಲದಲ್ಲಿ ಯಾವ ಭಾಗಕ್ಕೆ ದನ ಬಿಡಬಾರದು ಎಂಬುದನ್ನೂ ಅಲ್ಲೇ ಠರಾವು ಮಾಡಿಸಿದರೆ, ಮಣ್ಣು ಇನ್ನೂ ಉಳಿದಿರುವ ಮಡ್ಡಿಗಳ ಮಟ್ಟಿಗೆ ಕಾಲ ಮಿಂಚಿಲ್ಲ.