ಬಿಸಿಲಿದ್ದರೂ ನಿಂತ ಮಗ್ಗ

ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋದದ್ದು ಮೊದಲು ಗೊತ್ತಾಗುವುದು ಕಿವಿಗೆ. ಬೀದಿಯುದ್ದಕ್ಕೂ ಬಡಿಯುತ್ತಿದ್ದ ವಿದ್ಯುತ್ ಮಗ್ಗಗಳು ಒಮ್ಮೆಲೇ ಸುಮ್ಮನಾಗುತ್ತವೆ. ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವ ಮನೆಗಳಿಗೆ ಆ ಮೌನ ದುಬಾರಿ.

ಅದಕ್ಕೇ ನಮ್ಮ ಸೋದರಮಾವ ತಾರಸಿಯ ಮೇಲೆ 3 ಕಿಲೋವಾಟ್‌ನ ಪುಟ್ಟ ಸೋಲಾರ್ ಘಟಕ ಹಾಕಿಸಿದರು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನ ಬಂತು. ಉಳಿದದ್ದಕ್ಕೆ ಅತ್ತೆಯ ಚೀಟಿ ಹಣ. ಬಿಲ್ಲು ಇಳಿಯುತ್ತದೆ ಎನ್ನುವುದಕ್ಕಿಂತ, ಇನ್ನು ಹಗಲು ಮಗ್ಗ ನಿಲ್ಲುವುದಿಲ್ಲ ಎನ್ನುವುದೇ ಅವರ ಸಂಭ್ರಮ.

ಮೊದಲ ಬೇಸಿಗೆಯಲ್ಲೇ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಸುಡುಬಿಸಿಲು, ಎಂಟೂ ಫಲಕ ಫಳಫಳ ಹೊಳೆಯುತ್ತಿವೆ, ಮಗ್ಗ ಮಾತ್ರ ನಿಂತಿದೆ. "ಅಲ್ಲ ಕಣಪ್ಪ, ಸೂರ್ಯನೂ ಲೈನ್‌ಮ್ಯಾನ್ ಮಾತು ಕೇಳ್ತಾನಾ?" ಎಂದು ಮಾವ ನನ್ನ ಮೇಲೆ ರೇಗಿದರು. ಮನೆಯಲ್ಲಿ ಭೌತಶಾಸ್ತ್ರ ಓದಿದವನು ನಾನೊಬ್ಬನೇ.

ಫಲಕದೊಳಗೆ ಸಿಲಿಕಾನಿನ ತೆಳು ಬಿಲ್ಲೆಗಳಂಥ ಕೋಶಗಳಿವೆ. ಒಂದು ಪದರದಲ್ಲಿ ಚೂರು ರಂಜಕ, ಇನ್ನೊಂದರಲ್ಲಿ ಚೂರು ಬೋರಾನ್. ಬೆಳಕು ಬಿದ್ದಾಗ ಎಲೆಕ್ಟ್ರಾನುಗಳು ಬಿಡಿಸಿಕೊಂಡು ಬರುತ್ತವೆ. ಪದರಗಳು ಕೂಡುವಲ್ಲಿರುವ ವಿದ್ಯುತ್ ಕ್ಷೇತ್ರ ಅವನ್ನು ಒಂದೇ ದಿಕ್ಕಿಗೆ ದೂಡುತ್ತದೆ. ಒಂದು ಕೋಶದಿಂದ ಸುಮಾರು ಅರ್ಧ ವೋಲ್ಟ್, ಅಷ್ಟೇ. ಹತ್ತಾರನ್ನು ಸಾಲಾಗಿ ಜೋಡಿಸಿದರೆ ಒಂದು ಫಲಕ. ಇದಕ್ಕೆ ಬೇಕಾದ್ದು ಬೆಳಕು, ಶಾಖವಲ್ಲ. ಫಲಕ ಕಾದಷ್ಟೂ ಉತ್ಪಾದನೆ ಇಳಿಯುತ್ತದೆ. (ಇದನ್ನು ಮಾವ ಇಂದಿಗೂ ನಂಬಿಲ್ಲ.)

ಈ ವಿದ್ಯುತ್ತು ಒಂದೇ ಕಡೆಗೆ ಹರಿಯುವಂಥದ್ದು. ಊರಿನ ಲೈನಿನಲ್ಲಿರುವುದು ಲಾಳಿಯ ಹಾಗೆ ಸೆಕೆಂಡಿಗೆ 50 ಸಲ ಹೋಗಿ ಬರುವಂಥದ್ದು. ಇದನ್ನು ಅದಕ್ಕೆ ಬದಲಿಸುವ ಇನ್ವರ್ಟರ್, ಲೈನಿನ ತಾಳ ನೋಡಿಕೊಂಡೇ ಹೆಜ್ಜೆ ಹಾಕುತ್ತದೆ. ಲೈನ್ ಸತ್ತರೆ ಕ್ಷಣದಲ್ಲಿ ತಾನೂ ನಿಲ್ಲಬೇಕು, ನಿಯಮವೇ ಹಾಗಿದೆ. ಕರೆಂಟಿಲ್ಲವೆಂದು ನಂಬಿ ಕಂಬ ಹತ್ತಿದವನಿಗೆ ನಮ್ಮ ತಾರಸಿಯ ವಿದ್ಯುತ್ತು ಹೊಡೆದರೆ? ಪಾವಗಡದಲ್ಲಿ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಕೂಡ ಗ್ರಿಡ್ ಇಲ್ಲದಿದ್ದರೆ ಕೈಕಟ್ಟಿ ಕೂರಬೇಕಾದದ್ದೇ. ಬ್ಯಾಟರಿ ಮತ್ತು ಅದಕ್ಕೆ ತಕ್ಕ ಇನ್ವರ್ಟರ್ ಇದ್ದರೆ ಮನೆಯನ್ನು ಲೈನಿನಿಂದ ಬೇರ್ಪಡಿಸಿ ನಡೆಸಬಹುದು. ಮಾರಿದವರು ಇದನ್ನು ಹೇಳಿರಲಿಲ್ಲ, ಹೇಳಬೇಕಿತ್ತು.

ಮಾವ ಎಲ್ಲ ಕೇಳಿಸಿಕೊಂಡರು. "ಕಂಬ ಹತ್ತೋನು ನಮ್ಮ ಹಿಂದಿನ ಬೀದಿ ಹುಡುಗ ಕಣಪ್ಪ" ಎಂದರು. ಆಮೇಲೆ ರೇಗಲಿಲ್ಲ.

ಚೀಟಿಯ ಕಂತು ಇನ್ನೂ ಮುಗಿದಿಲ್ಲ. ಬ್ಯಾಟರಿಯ ದರ ಬರೆದ ಚೀಟಿ ಅವರ ಕನ್ನಡಕದ ಡಬ್ಬಿಯಲ್ಲಿ ಮಡಚಿಕೊಂಡು ಕೂತಿದೆ.