ಚೀಟಿ ಬಂತು, ಹಾಡು ಬರಲಿಲ್ಲ

ಅನಗೋಳದ ನಮ್ಮ ಮನಿಗೆ ಹೊಸ ಕಂಪ್ಯೂಟರ್ ಬಂತ್ರಿ. ಹಳೇದನ್ನ ಅಳಿಸಿ ಮಾರೋಣು ಅಂದ ಮಗ. ‘ತಡಿಯೋ, ಅದರಾಗ ನನ್ನ ಹಾಡು ಅದಾವ’ ಅಂದೆ. ನಮ್ಮ ಬೆಳಗಾವಿ ಹತ್ರದ ಸುಳೇಭಾವಿಯೊಳಗ 1924ರಾಗ ಹುಟ್ಟಿದ ಕುಮಾರ ಗಂಧರ್ವರ ನಿರ್ಗುಣಿ ಭಜನ, ಗಂಗೂಬಾಯಿ ಹಾನಗಲ್ಲರ ರಾಗ, ಎಲ್ಲಾ ವರ್ಷಾನುಗಟ್ಟಲೆ ಕೂಡಿಸಿದ್ದು. ಅವೇನು ಮತ್ತೆಲ್ಲಾದ್ರೂ ಸಿಗತಾವ. ತಂಗಿ ಮದುವಿಗೆ ಅರಿಷಿಣ ಬೀಸುವಾಗ ಅವ್ವ ಹಾಡಿದ ಪದ ಎಲ್ಲಿ ಸಿಗಬೇಕು? ಅವ್ವ ಹೋಗಿ ನಾಕು ವರ್ಷಾತು.

ಪ್ಲೇಲಿಸ್ಟ್ ಪೆನ್ ಡ್ರೈವಿಗೆ ಹಾಕ್ಕೊಂಡು ಹೊಸದರಾಗ ತೆರದೆ. ಹೆಸರೆಲ್ಲಾ ಬಂದ್ವು, ಒಂದೂ ಹಾಡಲಿಲ್ಲ! ಪ್ಲೇಲಿಸ್ಟ್ ಅಂದ್ರ ಯಾವ ಹಾಡು ಎಲ್ಲೈತಿ ಅಂತ ಬರದಿಟ್ಟ ಚೀಟಿ ಅಷ್ಟ. ಕಿರಾಣಿ ಚೀಟಿ ಮನಿಗೆ ತಂದ್ರ ಡಬ್ಬಿ ತುಂಬತಾವೇನ್ರಿ?

ಖರೇ ಹಾಡು ಮ್ಯೂಜಿಕ್ ಫೋಲ್ಡರಿನ್ಯಾಗ ಒಂದಿಷ್ಟು, ಡೌನ್‌ಲೋಡಿನ್ಯಾಗ ಒಂದಿಷ್ಟು ಇದ್ವು. ಫೋಲ್ಡರ್ ಸಮೇತ ಎತ್ತಿ ಹಾಕಿದೆ. ಅವ್ವಂದು ಮಾತ್ರ ಇಲ್ಲ. ಎದಿ ಧಸಕ್ ಅಂತು. ಎಂಪಿ3 ಅಂತ ಹುಡುಕಾಕತ್ತಿದ್ದೆ, ಆದ್ರ ಆ ಹಳೇ ಫೋನು ಧ್ವನೀನ ಎಎಂಆರ್ ಅನ್ನೋ ಬ್ಯಾರೆ ನಮೂನಿ ಫೈಲ್ ಮಾಡಿ ಇಡತಿತ್ತು. ಹಂಗ ಹುಡುಕಿದ್ರ ಸಿಕ್ತು, ಹೆಸರಿಲ್ಲ, ಬರೇ ತಾರೀಖು. ವಿಎಲ್‌ಸಿಯೊಳಗ ಹಚ್ಚಿದೆ, ಹಾಡ್ತು.

ಪದದ ನಡುವ ಅವ್ವ ನಿಂತು ‘ಹಾಲು ಉಕ್ಕತಾವ ನೋಡ್ರೇ’ ಅಂತಾಳ. ಅಷ್ಟು ಕತ್ತರಿಸಿ ತಗೀಲೇನು ಅಂದ ಮಗ. ಕೈ ಹಚ್ಚಬ್ಯಾಡ ಅಂದೆ. ಈಗ ಅದರ ಹೆಸರು ‘ಅವ್ವನ ಅರಿಷಿಣದ ಪದ’. ಪೆನ್ ಡ್ರೈವಿನ್ಯಾಗ ಒಂದು, ತಂಗಿ ಕಡೆ ಒಂದು. ಹಳೇ ಕಂಪ್ಯೂಟರ್ ಇನ್ನೂ ಅಟ್ಟದ ಮ್ಯಾಲ ಐತಿ, ಮಾರಾಕ ಬಿಟ್ಟಿಲ್ಲ.