ಪ್ರತ್ಯಕ್ಷಕ್ಕೂ ಪ್ರಮಾಣ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆ ಗಾದೆಯನ್ನು ಅಕ್ಷರಶಃ ಕಟ್ಟಳೆಯಾಗಿ ಮಾಡಿಕೊಂಡ ಸಂಸ್ಥೆಯೊಂದು ಲೋಕದಲ್ಲಿದ್ದರೆ ಅದು ವಿಕಿಪೀಡಿಯವೆಂಬ ವಿಶ್ವಕೋಶವೇ ಸರಿ. 2001ನೆಯ ಇಸವಿ ಜನವರಿ 15ರಂದು ಇಂಗ್ಲಿಷಿನಲ್ಲಿ ಹುಟ್ಟಿ, 2003ರಲ್ಲಿ ಕನ್ನಡಕ್ಕೂ ಬಂದ ಈ ಕೋಶಕ್ಕೆ ಸಂಬಳದ ಸಂಪಾದಕಮಂಡಲಿಯಿಲ್ಲ. ಓದುವವರೇ ಬರೆಯುವರು, ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದುವರು, ತಿದ್ದಿದುದನ್ನು ಮತ್ತೊಬ್ಬರು ಅಳಿಸುವರು. ಇಷ್ಟು ಕೈ ಕೂಡಿದ ಅಡಿಗೆ ಕೆಡದಿರುವುದು ಹೇಗೆಂಬುದೇ ಆಶ್ಚರ್ಯ. ಅದರ ಒಳಗುಟ್ಟು ಒಂದು ವ್ಯಾಜ್ಯದಿಂದ ಚೆನ್ನಾಗಿ ತಿಳಿಯಬರುವುದು.

ಅಮೆರಿಕದ ಹೆಸರಾಂತ ಕಾದಂಬರಿಕಾರರಾದ ಫಿಲಿಪ್ ರಾತ್ ಅವರು 2000ದಲ್ಲಿ ‘ದಿ ಹ್ಯೂಮನ್ ಸ್ಟೇನ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದರ ನಾಯಕನು ವೃದ್ಧ ಪ್ರಾಧ್ಯಾಪಕ. ತರಗತಿಗೆ ಒಮ್ಮೆಯೂ ಬಾರದ ಇಬ್ಬರು ವಿದ್ಯಾರ್ಥಿಗಳನ್ನು ಕುರಿತು, ಇವರು ದೆವ್ವಗಳೋ ಏನೋ ಎಂಬರ್ಥದಲ್ಲಿ ಅವನು ಆಡಿದ ಮಾತಿಗೆ, ಆ ದೇಶದಲ್ಲಿ ಕಪ್ಪು ಜನರನ್ನು ಹೀನಯಿಸುವ ಇನ್ನೊಂದು ಅರ್ಥವೂ ಇದ್ದಿತು. ಆ ವಿದ್ಯಾರ್ಥಿಗಳು ಕಪ್ಪು ಜನಾಂಗದವರೇ ಆಗಿದ್ದುದರಿಂದ ಅವನ ಬಾಳು ತಲೆಕೆಳಗಾಯಿತು. ಸೋಜಿಗವೆಂದರೆ ಅವನೂ ಅದೇ ಕುಲದವನು. ಹುಟ್ಟನ್ನು ಮರೆಸಿ ಬಾಳಿದವನು. ಅನಾಟೋಲ್ ಬ್ರಾಯರ್ಡ್ ಎಂಬ ವಿಮರ್ಶಕರೂ ಹಾಗೆಯೇ ಕುಲವನ್ನು ಮರೆಮಾಡಿ ಬಾಳಿದ್ದರಾಗಿ, ಅವರೇ ಈ ಪಾತ್ರಕ್ಕೆ ಮೂಲವಿರಬೇಕೆಂದು ಕೆಲವು ವಿಮರ್ಶಕರು ಊಹಿಸಿದರು. ಆ ಊಹೆಯು ವಿಶ್ವಕೋಶಕ್ಕೂ ಹೊಕ್ಕಿತು.

2012ರಲ್ಲಿ ರಾತ್ ಅವರು ಅದನ್ನು ತೆಗೆಸಲು ಯತ್ನಿಸಿದರು. ಬಂದ ಉತ್ತರವು ವಿಚಿತ್ರವಾಗಿದ್ದಿತು. ತನ್ನ ಕೃತಿಯ ವಿಷಯದಲ್ಲಿ ಕರ್ತೃವಿಗಿಂತ ದೊಡ್ಡ ಅಧಿಕಾರಿಯಿಲ್ಲವೆಂಬುದು ನಿಜ; ಆದರೂ ಬೇರೆಯವರ ಪ್ರಮಾಣ ಬೇಕು ಎಂದು! ಹೆತ್ತ ತಾಯಿಯನ್ನು, ಮಗು ನಿನ್ನದೆಂಬುದಕ್ಕೆ ಸಾಕ್ಷಿ ತಾ ಎಂದು ಕೇಳಿದಂತಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅವರು ‘ನ್ಯೂಯಾರ್ಕರ್’ ಪತ್ರಿಕೆಯ ಮೂಲಕ ದೀರ್ಘವಾದ ಬಹಿರಂಗ ಪತ್ರವನ್ನು ಪ್ರಕಟಿಸಿ, ಕಥೆಯ ಬೀಜವು ತಮ್ಮ ಸ್ನೇಹಿತರೂ ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕರೂ ಆಗಿದ್ದ ಮೆಲ್ವಿನ್ ಟ್ಯೂಮಿನ್ ಅವರಿಗೆ 1985ರಲ್ಲಿ ಒದಗಿದ ಪ್ರಸಂಗವೆಂದೂ, ಬ್ರಾಯರ್ಡರಿಗೂ ಅದಕ್ಕೂ ಸಂಬಂಧವಿಲ್ಲವೆಂದೂ ವಿವರಿಸಿದರು. ಪತ್ರವು ಹೊರಬಿದ್ದೊಡನೆ ಅದೇ ಪ್ರಮಾಣವಾಯಿತು. ವಿಶ್ವಕೋಶವು ಅದನ್ನು ಉಲ್ಲೇಖಿಸಿ ಕರ್ತೃವಿನ ಮಾತನ್ನು ಸೇರಿಸಿಕೊಂಡಿತು. ವಿಮರ್ಶಕರ ಊಹೆಯನ್ನು ಮಾತ್ರ ಅಳಿಸಲಿಲ್ಲ. ಇಂಥವರು ಹೀಗೆಂದರು, ಕರ್ತೃ ಹೀಗೆಂದರು ಎಂದು ಎರಡೂ ನಿಂತವು. ಹಳೆಯ ಓಲೆಗರಿಗಳನ್ನು ಪರಿಶೋಧಿಸುವ ಪಂಡಿತರು ಪಾಠಾಂತರಗಳನ್ನು ಎಸೆಯದೆ ಪುಟದ ಅಡಿಯಲ್ಲಿ ಉಳಿಸುವುದಿಲ್ಲವೆ?

ನಗುವವರು ನಗಲಿ. ತಾರ್ಕಿಕರ ಪ್ರಮಾಣಗಳಲ್ಲಿ ಪ್ರತ್ಯಕ್ಷಕ್ಕೆ ಮೊದಲ ಮಣೆ. ಇಲ್ಲಿಯೋ ಅದು ಪಂಕ್ತಿಯಿಂದ ಹೊರಗೆ. ಕಣ್ಣಾರೆ ಕಂಡೆನೆಂದು ಯಾರೂ ಬರೆಯುವಂತಿಲ್ಲ. ಅನುಮಾನಕ್ಕೂ ಅದೇ ಗತಿ: ಎರಡು ಗ್ರಂಥಗಳ ಮಾತನ್ನು ಕೂಡಿಸಿ, ಎರಡರಲ್ಲಿಯೂ ಇಲ್ಲದ ಮೂರನೆಯ ಸಿದ್ಧಾಂತವನ್ನು ಹೊರಡಿಸಕೂಡದು. ಉಳಿದುದು ಶಬ್ದಪ್ರಮಾಣವೊಂದೇ; ಅದೂ ಪ್ರಕಟವಾಗಿ, ಪರಿಶೀಲನೆಗೆ ಒಳಗಾಗಿ, ಮತ್ತೊಬ್ಬನು ತೆರೆದು ನೋಡಬಹುದಾದ ಶಬ್ದ.

ಈ ಬಿಗಿ ಏತಕ್ಕೆಂಬುದನ್ನು ಜಾನ್ ಸೀಗೆಂಥಾಲರ್ ಅವರ ಅನುಭವದಿಂದ ತಿಳಿಯಬೇಕು. ಇವರು ಅಮೆರಿಕದ ಹಿರಿಯ ಪತ್ರಕರ್ತರು. ಒಮ್ಮೆ ರಾಬರ್ಟ್ ಕೆನೆಡಿಯವರ ಕಾರ್ಯದಲ್ಲಿ ಸಹಾಯಕರಾಗಿದ್ದವರು. ಅವರ ಶವಕ್ಕೆ ಹೆಗಲು ಕೊಟ್ಟವರು. 2005ರ ಮೇ ತಿಂಗಳಲ್ಲಿ ಹೆಸರು ಹೇಳದವನೊಬ್ಬನು, ಕೆನೆಡಿ ಸಹೋದರರ ಕೊಲೆಯಲ್ಲಿ ಇವರ ಕೈವಾಡದ ಶಂಕೆಯಿದ್ದಿತೆಂದು ವಿಶ್ವಕೋಶದಲ್ಲಿ ಬರೆದುಬಿಟ್ಟನು. ಅದು ಬರಿಯ ಕುಚೇಷ್ಟೆ. ಇದು ಎಲ್ಲಿ ಅಚ್ಚಾಗಿದೆ ಎಂದು ಕೇಳುವವರಿಲ್ಲದೆ ಆ ಸುಳ್ಳು ನಾಲ್ಕು ತಿಂಗಳಿಗೂ ಮೇಲ್ಪಟ್ಟು ಅಲ್ಲಿಯೇ ನಿಂತಿತು. ಎಪ್ಪತ್ತು ದಾಟಿದ ಸಂಭಾವಿತರೊಬ್ಬರು ತಮ್ಮ ಮಿತ್ರರ ಕೊಲೆಗಾರರೆಂದು ಲೋಕಕ್ಕೆ ಕಾಣಿಸಿಕೊಂಡರು. ಅಂದು ಆ ಪ್ರಶ್ನೆಯನ್ನು ಕೇಳದಿದ್ದುದು ತಪ್ಪಾದರೆ, ಅದನ್ನೇ ರಾತ್ ಅವರಿಗೆ ಕೇಳಿದುದು ತಪ್ಪೆನ್ನುವುದು ಹೇಗೆ? ನಾನೇ ಕರ್ತೃವೆಂದು ಯಾರಾದರೂ ಬರೆಯಬಹುದಷ್ಟೆ.

ಇನ್ನು ಜಗಳಗಳ ಮಾತು. ಪ್ರತಿಯೊಂದು ಲೇಖನದ ಹಿಂದೆಯೂ ಒಂದು ಚರ್ಚೆಯ ಪುಟವುಂಟು. ಮಾಡಿದ ತಿದ್ದುಪಡಿಗಳ ದಫ್ತರವೂ ಉಂಟು. ಇಂಗ್ಲಿಷ್ ಕೋಶದಲ್ಲಿ ಒಂದೇ ಪುಟದಲ್ಲಿ 24 ಗಂಟೆಗಳೊಳಗೆ ಮೂರಕ್ಕಿಂತ ಹೆಚ್ಚು ಸಲ ಪರರ ಬರಹವನ್ನು ರದ್ದುಮಾಡಿದವನು, ತನ್ನ ಪಕ್ಷವೇ ಸರಿಯಾಗಿದ್ದರೂ, ದಂಡನೆಗೆ ಗುರಿಯಾಗಬಹುದು. ಕಟ್ಟಕಡೆಗೆ ಒಂದು ಪಂಚಾಯತಿ ಮಂಡಲಿಯೂ ಇರುವುದು. ಆದರೆ ಅದು ವಿಚಾರಿಸುವುದು ಬರೆಯುವವರ ನಡತೆಯನ್ನು, ಬರಹದ ಸತ್ಯಾಸತ್ಯವನ್ನಲ್ಲ. ಬಾಲ್ಟಿಕ್ ಕಡಲತಡಿಯ ಪಟ್ಟಣವೊಂದನ್ನು ಜರ್ಮನರ ರೂಢಿಯಂತೆ ಡಾನ್‌ಜಿಗ್ ಎನ್ನಬೇಕೋ, ಪೋಲೆಂಡಿನವರ ರೂಢಿಯಂತೆ ಗ್ಡಾನ್‌ಸ್ಕ್ ಎನ್ನಬೇಕೋ ಎಂಬ ಕಲಹ ಬಹುಕಾಲ ನಡೆದು, 2005ರಲ್ಲಿ ಮತ ಎಣಿಸಿ, 1308ರಿಂದ 1945ರವರೆಗಿನ ಸಂಗತಿಗಳಿಗೆ ಮೊದಲನೆಯ ಹೆಸರು, ಹಿಂದಿನವಕ್ಕೂ ಮುಂದಿನವಕ್ಕೂ ಎರಡನೆಯದು ಎಂದು ರಾಜಿಯಾಯಿತು.

ಆದರೆ ರಾತ್ ಅವರ ಕೈಗೆ ‘ನ್ಯೂಯಾರ್ಕರ್’ ಇದ್ದಿತು. ಅಳಗುಳಿಮನೆಯ ಆಟದಲ್ಲಿ ತನ್ನ ಊರಿನ ಕ್ರಮವೇ ಬೇರೆಯೆಂದು ಹೇಳಬಲ್ಲ ಹಳ್ಳಿಯ ಅಜ್ಜಿಗೆ ಏನಿರುವುದು? ಅಚ್ಚಾಗದ ಬಾಯಿಮಾತು ಆ ಕೋಶದ ಬಾಗಿಲಲ್ಲಿಯೇ ನಿಲ್ಲುವುದು. 2011ರಲ್ಲಿ ಕೆಲವರು ಭಾರತದಲ್ಲಿಯೂ ದಕ್ಷಿಣ ಆಫ್ರಿಕದಲ್ಲಿಯೂ ಹಳ್ಳಿಗರ ಮಾತನ್ನು ಧ್ವನಿಮುದ್ರಿಸಿ, ಅದನ್ನೇ ಪ್ರಮಾಣವೆಂದು ಮಲಯಾಳ, ಹಿಂದಿ, ಸೆಪೇಡಿ ಭಾಷೆಗಳ ಲೇಖನಗಳಿಗೆ ಒದಗಿಸಿ ನೋಡಿದರು. ಅದು ಸಲ್ಲುವುದೇ ಸಲ್ಲದೇ ಎಂದು ದೊಡ್ಡ ವಾದವೆದ್ದಿತು. ಅದು ಹೇಗೇ ಇರಲಿ, ಜಿಲ್ಲೆಯ ಸಂಘವೊಂದರ ಮಾಸಪತ್ರಿಕೆಯಲ್ಲಿ ಆ ಅಜ್ಜಿಯ ಹೆಸರು, ಊರು, ಕೇಳಿದ ದಿನ, ಬರೆದುಕೊಂಡವರ ಹೆಸರುಗಳೊಡನೆ ಆಟದ ಕ್ರಮವು ಅಚ್ಚಾದರೆ, ತಿಂಗಳು ಪುಟಗಳನ್ನು ನಮೂದಿಸಿ ಎತ್ತಿ ತೋರಿಸಲು ಅಲ್ಲಿಯವರಿಗೆ ಅಷ್ಟು ಆಧಾರ ಸಿಕ್ಕುವುದು.